ಒಬ್ಬೊಬ್ಬರಾಗಿ ಬಂದು ತುಂಬಿದ ರಂಗ

ಮೊದಲು ಕಾಣುವುದು ಒಂದು ಜೊತೆ ಬಿಳಿ ಕ್ಯಾನ್ವಾಸ್ ಬೂಟು. ಅವು ನಡೆದು ಬಂದು ಮೈಕಿನ ಮುಂದೆ ನಿಲ್ಲುತ್ತವೆ, ಪಕ್ಕದಲ್ಲೊಂದು ಟೇಪ್ ರೆಕಾರ್ಡರ್ ಇಳಿಯುತ್ತದೆ. ಹಿಂದೆ ಪರದೆಯಿಲ್ಲ, ಬೋಳು ಗೋಡೆ. ಒಂದು ಟೇಪ್ ಕೇಳಿಸಬೇಕಿದೆ ಎಂದಷ್ಟೇ ಹೇಳಿ ಗಾಯಕ ಡೇವಿಡ್ ಬರ್ನ್ ಗಿಟಾರ್ ಹಿಡಿದು ಹಾಡತೊಡಗುತ್ತಾನೆ. ಟೇಪ್ ಬರೀ ತೋರಿಕೆಗೆ. ಕೇಳಿಸುವ ತಾಳ ರೋಲ್ಯಾಂಡ್ 808 ಡ್ರಮ್ ಮಷೀನಿನದು. ಹಾಡಿನ ಕೊನೆಗೆ ಪೆಟ್ಟುಗಳು ಗುಂಡಿನಂತೆ ಸಿಡಿಯುತ್ತವೆ, ಬರ್ನ್ ಗುಂಡು ತಗುಲಿದವನಂತೆ ತತ್ತರಿಸುತ್ತಾನೆ.

1983ರ ಡಿಸೆಂಬರ್, ಹಾಲಿವುಡ್‌ನ ಪ್ಯಾಂಟೇಜಸ್ ಥಿಯೇಟರ್. ಬರ್ನ್‌ನ ರಾಕ್ ತಂಡ ಟಾಕಿಂಗ್ ಹೆಡ್ಸ್‌ನ ಕಛೇರಿಯನ್ನು ನಿರ್ದೇಶಕ ಜೊನಾಥನ್ ಡೆಮ್ಮಿ ಚಿತ್ರೀಕರಿಸಿದ. ಮರುವರ್ಷ ಅದು 'ಸ್ಟಾಪ್ ಮೇಕಿಂಗ್ ಸೆನ್ಸ್' ಎಂಬ ಸಿನಿಮಾ ಆಯಿತು. ರಾಕ್ ಕಛೇರಿಯ ಸಿನಿಮಾಗಳಲ್ಲಿ ನಾನು ಮತ್ತೆ ಮತ್ತೆ ಮರಳುವುದು ಇದಕ್ಕೇ.

ಎರಡನೇ ಹಾಡಿಗೆ ಟೀನಾ ವೇಮತ್ ಬೇಸ್ ಗಿಟಾರ್ ಹಿಡಿದು ಬರುತ್ತಾಳೆ. ಮೂರನೆಯದಕ್ಕೆ ಕ್ರಿಸ್ ಫ್ರಾಂಟ್ಸ್ ಡ್ರಮ್ಸ್, ನಾಲ್ಕನೆಯದಕ್ಕೆ ಜೆರ್ರಿ ಹ್ಯಾರಿಸನ್. ಹಾಡು ನಡೆಯುತ್ತಿರುವಾಗಲೇ ಕಪ್ಪು ಬಟ್ಟೆಯ ಕೆಲಸಗಾರರು ವಾದ್ಯಗಳ ಅಟ್ಟಣಿಗೆಗಳನ್ನು ತಳ್ಳಿ ತರುತ್ತಾರೆ. ಆರನೇ ಹಾಡಿನ ಹೊತ್ತಿಗೆ ರಂಗದ ಮೇಲೆ ಒಂಬತ್ತು ಮಂದಿ. ಕೀಬೋರ್ಡಿನಲ್ಲಿ ಫಂಕ್ ತಂಡ ಪಾರ್ಲಿಮೆಂಟ್-ಫಂಕಡೆಲಿಕ್‌ನ ಬರ್ನಿ ವೊರೆಲ್. ಒಂದೊಂದೇ ವಾದ್ಯ ಸೇರುವುದರಿಂದ ಕಿವಿಗೆ ಪ್ರತಿಯೊಂದರ ಗುರುತು ಸಿಕ್ಕಿರುತ್ತದೆ. ಆಮೇಲೆ ಎಷ್ಟೇ ಅಬ್ಬರವಾದರೂ ಗದ್ದಲ ಅನ್ನಿಸುವುದಿಲ್ಲ. ಕಛೇರಿಯ ಕಸುವಿರುವುದು ಈ ಕಟ್ಟೋಣದಲ್ಲಿ. ಸ್ಪೀಕರಿನ ಸದ್ದು ಏರಿಸಿ ಅದನ್ನು ತರಲಾಗದು.

ಇಷ್ಟೊಂದು ಜನ ಬೇಕಾದದ್ದಕ್ಕೂ ಕಾರಣವಿದೆ. ನೈಜೀರಿಯಾದ ಸಂಗೀತಗಾರ ಫೇಲಾ ಕುಟಿಯ ಲಯಗಳಿಗೆ ಮಾರುಹೋದ ತಂಡದವರು, ನಿರ್ಮಾಪಕ ಬ್ರಯನ್ ಈನೋ ಜೊತೆ 1980ರಲ್ಲಿ 'ರಿಮೇನ್ ಇನ್ ಲೈಟ್' ಆಲ್ಬಂ ಮಾಡಿದಾಗ, ಸಣ್ಣ ಸಣ್ಣ ಲಯದ ತುಣುಕುಗಳನ್ನು ಸ್ಟುಡಿಯೋದಲ್ಲಿ ಪದರ ಪದರವಾಗಿ ಹೆಣೆದಿದ್ದರು. ಅದನ್ನು ವೇದಿಕೆಯಲ್ಲಿ ನುಡಿಸಲು ತಂಡದ ನಾಲ್ವರು ಸಾಲಲಿಲ್ಲ, ಮೇಳ ಬೆಳೆಯಿತು.

ಏಳನೇ ಹಾಡಿನಲ್ಲಿ ಬರ್ನ್ ರಂಗದ ಸುತ್ತ ಓಡುತ್ತಾನೆ, ನಿಂತಲ್ಲೇ ಕುಣಿಯುತ್ತಾನೆ, ಮೈಯನ್ನು ಹಗ್ಗದಂತೆ ಬಳುಕಿಸುತ್ತಾನೆ. ಸಹಗಾಯಕಿಯರಾದ ಲಿನ್ ಮ್ಯಾಬ್ರಿ, ಎಡ್ನಾ ಹೋಲ್ಟ್ ನಗುತ್ತಲೇ ಅವನ ಜೊತೆ ಕುಣಿಯುತ್ತಾರೆ. ಮುಂದೆ ಅವನು ತೊಡುವ ದೊಗಳೆ ಸೂಟಿಗೆ ಜಪಾನಿನ ನೋ ರಂಗಭೂಮಿಯ ಪ್ರೇರಣೆ. ಭುಜಗಳು ಚೌಕಟ್ಟಿನಷ್ಟು ಅಗಲ, ನಡುವೆ ಪುಟ್ಟ ತಲೆ. ಬಣ್ಣದ ವೇಷ ರಂಗಕ್ಕೆ ಬಂದಾಗ ನಮ್ಮ ಯಕ್ಷಗಾನದ ಪ್ರೇಕ್ಷಕರಿಗೆ ಆಗುವ ರೋಮಾಂಚನ ನನಗಿಲ್ಲಿ ಆಗುತ್ತದೆ.

ಡೆಮ್ಮಿ ಪ್ರೇಕ್ಷಕರ ಮುಖಗಳನ್ನು ಬಹುಪಾಲು ಕೊನೆಯವರೆಗೂ ತೋರಿಸುವುದಿಲ್ಲ. ಹೇಗೆ ಅನುಭವಿಸಬೇಕೆಂದು ನಮಗೆ ಯಾರೂ ಹೇಳಿಕೊಡುವುದಿಲ್ಲ. ಕಣ್ಣು ಬೆವರಿನ ಮೇಲೆ, ಬೆರಳುಗಳ ಮೇಲೆ, ವಾದಕರು ಪರಸ್ಪರ ನೋಡಿಕೊಳ್ಳುವ ನೋಟದ ಮೇಲೆ ನೆಡುತ್ತದೆ.

2023ರಲ್ಲಿ ಈ ಸಿನಿಮಾದ ಸಂಸ್ಕರಿತ ಪ್ರತಿ ಬಿಡುಗಡೆಯಾಗಿದೆ. ನೋಡುವುದಾದರೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಎರಡನೇ ಹಾಡಿನಲ್ಲಿ ಟೀನಾಳ ಬೇಸನ್ನು ಹಿಡಿದುಕೊಳ್ಳಿ, ಕೊನೆಯ ಹಾಡಿನವರೆಗೂ ಅದರ ಕೈ ಬಿಡಬೇಡಿ.