ಬೆಂಗಳೂರು ನಾಗರತ್ನಮ್ಮ ಬರೀ ಭಕ್ತೆಯಲ್ಲ

ಪುಷ್ಯ ಬಹುಳ ಪಂಚಮಿಯ ಆಸುಪಾಸಿನಲ್ಲಿ ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ತ್ಯಾಗರಾಜರ ಆರಾಧನೆಗಳು ನಡೆಯುತ್ತವೆ. ಪಂಚರತ್ನ ಕೃತಿಗಳನ್ನು ಹಾಡಲು ಸಾಲಾಗಿ ಕೂತವರಲ್ಲಿ ಹೆಂಗಸರೇ ಹೆಚ್ಚು. ಅಲ್ಲಿ ಬೆಂಗಳೂರು ನಾಗರತ್ನಮ್ಮನವರ ಹೆಸರು ಬಂದರೆ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: ತಿರುವೈಯಾರಿನಲ್ಲಿ ತ್ಯಾಗರಾಜರಿಗೆ ಗುಡಿ ಕಟ್ಟಿಸಿದ ಮಹಾಭಕ್ತೆ. ಮಾತು ಸುಳ್ಳಲ್ಲ. ಆದರೆ ಅದರೊಳಗೆ ನಮ್ಮ ಮುಜುಗರ ಅಡಗಿದೆ. ದೇವದಾಸಿ ಮನೆತನದಲ್ಲಿ ಹುಟ್ಟಿ, ಅರಮನೆಗಳಲ್ಲಿ ಹಾಡಿದ ಹೆಣ್ಣನ್ನು ಗೌರವಿಸಲು ನಮಗೆ ಭಕ್ತಿಯ ಮಡಿ ಬೇಕಾಯಿತು. ಅದನ್ನು ಉಡಿಸಿದ ಮೇಲೆ ಆಕೆಯ ಓದು, ವಾದ, ಹಟ ಎಲ್ಲವೂ ಮರೆಗೆ ಸರಿದವು.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ ಮಗಳನ್ನು ಚಿಕ್ಕಂದಿನಲ್ಲೇ ಸಂಸ್ಕೃತ ಪಾಠಕ್ಕೆ ಹಾಕಿದರು, ಅದೂ ಮೈಸೂರು ಆಸ್ಥಾನದ ಪಂಡಿತ ಗಿರಿಭಟ್ಟ ತಿಮ್ಮಯ್ಯನವರ ಬಳಿ. ಬೆಂಗಳೂರಿಗೆ ಬಂದ ಮೇಲೆ ಸಂಗೀತ ಕಲಿತದ್ದು ಮುನಿಸ್ವಾಮಪ್ಪನವರಲ್ಲಿ. ಅವರದು ವಾಲಾಜಾಪೇಟೆಯ ಶಿಷ್ಯಪರಂಪರೆ, ಅಂದರೆ ತ್ಯಾಗರಾಜರಿಂದಲೇ ಇಳಿದು ಬಂದ ಪಾಠ. ಅರಮನೆಯಲ್ಲಿ ಹಾಡುವ ಹೆಣ್ಣೆಂದರೆ ರಾಜರ ಮನರಂಜನೆಯ ಸರಕು ಎಂದು ಮೂಗು ಮುರಿಯುವವರು ಈ ಕಲಿಕೆಯನ್ನು ನೋಡಬೇಕು. ಆ ಕಾಲದಲ್ಲಿ ‘ಮರ್ಯಾದಸ್ಥ’ ಮನೆಗಳ ಹೆಣ್ಣುಮಕ್ಕಳಿಗೆ ಇಂಥ ಓದು ತೀರ ಅಪರೂಪವಾಗಿತ್ತು.

ಆ ಓದಿನ ಬಲ ಕಂಡದ್ದು 1910ರಲ್ಲಿ. 18ನೇ ಶತಮಾನದ ತಂಜಾವೂರಿನಲ್ಲಿ, ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರಕಾವ್ಯ ಬರೆದಿದ್ದಳು. ಅದರ ಅಚ್ಚಾದ ಪ್ರತಿ ನಾಗರತ್ನಮ್ಮನವರ ಕೈ ಸೇರಿತು. ಆಮೇಲೆ ಹಸ್ತಪ್ರತಿಯನ್ನೂ ಸಂಪಾದಿಸಿ ಎರಡನ್ನೂ ಹೋಲಿಸಿದಾಗ, ಅಚ್ಚಿನಲ್ಲಿ ಕೆಲವು ಪದ್ಯಗಳನ್ನು ಕೈಬಿಟ್ಟದ್ದು ಗೊತ್ತಾಯಿತು. ಪೀಠಿಕೆಯೂ ಇರಲಿಲ್ಲ. ಮುದ್ದುಪಳನಿ ತನ್ನ ವಂಶವನ್ನು, ಅಜ್ಜಿ ತಂಜನಾಯಕಿಯನ್ನು ಹೆಸರಿಸಿ ಹೇಳಿಕೊಂಡದ್ದು ಆ ಪೀಠಿಕೆಯಲ್ಲೇ. ಶೃಂಗಾರ ಹೆಚ್ಚಾಯಿತೆಂದು ಪದ್ಯ ತೆಗೆದದ್ದಕ್ಕೆ ಒಂದು ನೆಪವಾದರೂ ಇತ್ತು. ಕವಯಿತ್ರಿ ಯಾರ ಮೊಮ್ಮಗಳೆಂಬುದನ್ನು ಅಳಿಸಿದ್ದಕ್ಕೆ ಯಾವ ನೆಪ? ನಾಗರತ್ನಮ್ಮ ಪೂರ್ಣಪಾಠವನ್ನು ಅಚ್ಚಿಗೆ ಕೊಟ್ಟರು. ಇದು ಗ್ರಂಥಸಂಪಾದನೆ, ಕಸುಬು ಬಲ್ಲವರ ಕೆಲಸ.

ಸಮಾಜ ಸುಧಾರಕರೆಂದು ಹೆಸರಾದ ಕಂದುಕೂರಿ ವೀರೇಶಲಿಂಗಂ ಈ ಕಾವ್ಯವನ್ನು ಹೆಂಗಸರು ಕೇಳಬಾರದ್ದೆಂದು ಜರೆದಿದ್ದರು. ನಾಗರತ್ನಮ್ಮ ತಮ್ಮ ಮುನ್ನುಡಿಯಲ್ಲಿ ಎದುರುನಿಂತು ಕೇಳಿದ್ದು ಇಷ್ಟು: ಲಜ್ಜೆ ಹೆಣ್ಣಿಗೆ ಮಾತ್ರವೇ, ಗಂಡಿಗಿಲ್ಲವೇ? ಇದಕ್ಕಿಂತ ಬಿಚ್ಚುಮಾತಿನ ‘ವೈಜಯಂತೀ ವಿಲಾಸಮು’ವನ್ನು ಇದೇ ಪಂಡಿತರು ತಿದ್ದಿ ಅಚ್ಚಿಗೆ ಒಪ್ಪಲಿಲ್ಲವೇ? ವಾದಕ್ಕೆ ಸರಿಯಾದ ಉತ್ತರ ಬರಲಿಲ್ಲ, ಪೊಲೀಸರು ಬಂದರು. 1911ರಲ್ಲಿ ಅಶ್ಲೀಲವೆಂದು ಪ್ರತಿಗಳ ಮುಟ್ಟುಗೋಲಾಯಿತು. ನಿಷೇಧ ತೆರವಾದದ್ದು 1947ರಲ್ಲಿ, ಮದ್ರಾಸ್ ಪ್ರಾಂತ್ಯದ ಪ್ರಧಾನಿ ಟಂಗುಟೂರಿ ಪ್ರಕಾಶಂ ಅವರ ಕಾಲಕ್ಕೆ.

ಇಷ್ಟಾದರೂ ಕಡೆಗಾಲದಲ್ಲಿ ಆಕೆ ತಿರುವೈಯಾರಿನಲ್ಲೇ ನೆಲೆಸಿದರಲ್ಲ, ಆಸ್ತಿಯನ್ನೂ ಅಲ್ಲಿಗೇ ಬಿಟ್ಟರಲ್ಲ, ಭಕ್ತೆಯೆಂದರೆ ತಪ್ಪೇನು ಎಂದು ಕೇಳುವವರುಂಟು. ತಪ್ಪಿಲ್ಲ. ಆದರೆ ಆ ಭಕ್ತಿಯ ನಡೆ ಎಂಥದು? ತ್ಯಾಗರಾಜರ ಸಮಾಧಿ ಪಾಳುಬಿದ್ದಿದೆಯೆಂದು ಗುರು ಬಿಡಾರಂ ಕೃಷ್ಣಪ್ಪನವರಿಂದ ತಿಳಿದಾಗ ಆಕೆ ಕೈಮುಗಿದು ಕೂರಲಿಲ್ಲ. ಜಾಗ ಬಿಡಿಸಿಕೊಂಡು, ಸ್ವಂತ ದುಡಿಮೆಯ ಹಣದಲ್ಲಿ ಗುಡಿ ಎಬ್ಬಿಸಿದರು. ತಾವು ಕಟ್ಟಿಸಿದ ಜಾಗದ ಆರಾಧನೆಯಲ್ಲೇ ಹೆಂಗಸರು ಹಾಡಕೂಡದೆಂದು ಗಂಡಸರ ಬಣಗಳು ತಡೆದಾಗ, 1927ರಲ್ಲಿ ಹೆಂಗಸರದೇ ಬೇರೆ ಆರಾಧನೆ ಹೂಡಿದರು. ಮುನ್ನುಡಿಯ ವಾದವೇ ಇಲ್ಲಿ ಮುಂದುವರಿಯಿತು. ಮುದ್ದುಪಳನಿಯ ಪೀಠಿಕೆಯನ್ನು ಉಳಿಸಿದ ಕೈಯೇ ಹೆಂಗಸರಿಗೆ ವೇದಿಕೆ ಹಾಕಿಕೊಟ್ಟದ್ದು. ಒಂದನ್ನು ಮುಚ್ಚಿಟ್ಟು ಇನ್ನೊಂದಕ್ಕೆ ಹಾರ ಹಾಕುವುದು ಹೇಗೆ?

ಊರಿನ ನೆನಪೂ ಇದೇ ಜಾಡಿನದು. ಹನುಮಂತನಗರದ ಗುಡ್ಡಕ್ಕೆ ಆಕೆಯ ಆಶ್ರಯದಾತ, ನ್ಯಾಯಾಧೀಶ ನರಹರಿರಾಯರ ಹೆಸರಿದೆ. ಆ ಗುಡ್ಡದ ಕುಮಾರಸ್ವಾಮಿ ದೇವಸ್ಥಾನದ ಮೆಟ್ಟಿಲು ಹತ್ತುವವರಿಗೆ ನಾಗರತ್ನಮ್ಮನ ಸುಳಿವು ಸಿಗುವುದಿಲ್ಲ. ನಮ್ಮ ಆರಾಧನಾ ಸಮಿತಿಗಳಾದರೂ ಒಂದು ಕೆಲಸ ಮಾಡಬಹುದು. ಪಂಚರತ್ನಕ್ಕೆ ಮುಂಚೆ ಆಡುವ ಸ್ವಾಗತದ ಮಾತಿನಲ್ಲಿ ಹತ್ತು ನಿಮಿಷ ತೆಗೆದಿಟ್ಟು, ಆ 1910ರ ಮುನ್ನುಡಿಯನ್ನು ಕನ್ನಡದಲ್ಲಿ ಓದಿಸಲಿ.