ಬರಕ್ಕೂ ಬಗೆಗಳುಂಟು

ಬರ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆಸ್ಟ್ರೇಲಿಯಾದ ಗೋಧಿ ವಿಜ್ಞಾನಿಗಳು ಅದನ್ನು ಬಿಡಿಸಿ ನೋಡಿದರು. ಅಲ್ಲಿನ ಆಪ್ಸಿಮ್ ಎಂಬ ಬೆಳೆ ಮಾದರಿ ಕಂಪ್ಯೂಟರಿನೊಳಗೆ ಗೋಧಿ ಬೆಳೆಯುತ್ತದೆ. ಮಳೆ, ಬಿಸಿಲು, ಮಣ್ಣಿನ ತೇವ ಲೆಕ್ಕ ಹಾಕಿ, ಬೇರಿಗೆ ಸಿಗುವ ನೀರು ಪೈರಿನ ದಾಹಕ್ಕೆ ಸಾಲುತ್ತದೆಯೇ ಎಂದು ದಿನದಿನವೂ ಅಳೆಯುತ್ತದೆ. ನೂರಕ್ಕೂ ಹೆಚ್ಚು ವರ್ಷಗಳ ಹವಾಮಾನ ದಾಖಲೆ ಉಣಿಸಿದಾಗ ಮುಖ್ಯವಾಗಿ ನಾಲ್ಕು ಬಗೆ ಕಂಡವು: ಹೆಚ್ಚೇನೂ ಬಾಯಾರದ್ದು, ಕಾಳು ಕಟ್ಟುವಾಗ ಕಾಡುವುದು, ನಡುವೆ ಬಂದು ತಣಿಯುವುದು, ಹೂವಿಗೂ ಮೊದಲೇ ಹಿಡಿದು ಬಿಡದೆ ಬಾಧಿಸುವುದು.

ನನಗೆ ಮೆಚ್ಚುಗೆಯಾದದ್ದು ಈ ವಿಂಗಡಣೆಯ ನ್ಯಾಯಬುದ್ಧಿ. ಆ ವರ್ಷದ ಬರ ಯಾವ ಬಗೆಯದೆಂದು ತಿಳಿದರೆ, ಒಂದು ವರ್ಷದ ಪ್ರಯೋಗದಲ್ಲಿ ಸೋತ ಗೋಧಿ ತಳಿ ನಿಜಕ್ಕೂ ದುರ್ಬಲವೋ, ಅಪರೂಪದ ಬರಕ್ಕೆ ಸಿಕ್ಕಿತ್ತೋ ಎಂದು ತೂಗಿ ನೋಡಬಹುದು. ಒಳ್ಳೆಯ ತಳಿಯೊಂದು ಅವಸರದಲ್ಲಿ ಕಸದ ಬುಟ್ಟಿ ಸೇರುವುದನ್ನು ತಡೆಯುವ ಲೆಕ್ಕವಿದು.