ಭಯಾರ್ಥಕ ಧಾತುಗಳ ವಿಭಕ್ತಿವಿಚಾರ

ಇಂಗ್ಲಿಷಿನ 'ಫಿಯರ್' ಎಂಬ ಶಬ್ದಕ್ಕೆ ಕನ್ನಡದಲ್ಲಿ ಸಮಾನಪದಗಳಾವುವೆಂದು ಕೇಳಿದರೆ ಭಯ, ಅಂಜಿಕೆ, ಹೆದರಿಕೆ, ದಿಗಿಲು, ಅಳುಕು ಎಂದು ಸಾಲಾಗಿ ಹೇಳಿ ನಾವು ಕೃತಕೃತ್ಯರಾಗುತ್ತೇವೆ. ಪದಕ್ಕೆ ಪದವನ್ನು ಹುಡುಕುವುದರಲ್ಲಿ ತೊಡಕಿಲ್ಲ, ತೊಡಕಿರುವುದು ವಿಭಕ್ತಿಯಲ್ಲಿ. ಇದು ಪಂಡಿತರ ಕಾಲಹರಣದ ಚರ್ಚೆಯೆಂದು ಕೆಲವರು ನಗಬಹುದಾದುದರಿಂದ ನಾನು ಕಂಡ ಒಂದು ಸಂಗತಿಯನ್ನು ಮೊದಲು ನಿವೇದಿಸುವೆನು.

ಕೆಲವು ವರ್ಷಗಳ ಹಿಂದೆ ಯಲಬುರ್ಗಾ ಕಡೆಯ ಒಬ್ಬ ವೃದ್ಧೆಯ ಅರ್ಜಿಯೊಂದು ನನ್ನ ಕೈಗೆ ಬಂದಿತು. ಮೂಲವು ಇಂಗ್ಲಿಷಿನಲ್ಲಿದ್ದಿತು, ಯಾರೋ ಅದನ್ನು ಕನ್ನಡಿಸಿದ್ದರು. ಮಗನ ಪ್ರಾಣಕ್ಕೆ ಅಪಾಯ ಬಂದೀತೆಂದು ತಾಯಿಯು ಭಯಪಟ್ಟಳೆಂಬುದು ಮೂಲದ ಅರ್ಥ. ಕನ್ನಡದಲ್ಲಿ 'ಅರ್ಜಿದಾರಳು ತನ್ನ ಮಗನಿಗೆ ಹೆದರುತ್ತಿದ್ದಳು' ಎಂದಿದ್ದಿತು. ಓದಿ ಹೇಳಿದೊಡನೆ ಆಕೆಯು, "ನನ್ನ ಮಗಗ ನಾ ಯಾಕ ಅಂಜಲಿ? ಅವಗ ಏನರ ಆದೀತಂತ ಅಂಜೀನಿ" ಎಂದು ಸಿಟ್ಟಿಗೆದ್ದಳು. ಭಾಷಾಂತರಕಾರನ ಲೇಖನಿಯಲ್ಲಿ ಮಗನೇ ಭಯಹೇತುವಾಗಿಬಿಟ್ಟಿದ್ದನು!

ಈ ಪ್ರಮಾದದ ಬೇರು ನಮ್ಮ ಶಾಲಾವ್ಯಾಕರಣಗಳಲ್ಲಿದೆಯೆಂದು ನನ್ನ ಮತ. 'ಕಳ್ಳನ ದೆಸೆಯಿಂದ ಹೆದರಿದನು' ಎಂಬುದೇ ಸಹಜವಾದ ರೂಪವೆಂದೂ, 'ಕಳ್ಳನಿಗೆ ಹೆದರಿದನು' ಎಂಬುದು ಪಂಚಮಿಗೆ ಚತುರ್ಥಿ ಬಂದಿರುವ ವಿಭಕ್ತಿಪಲ್ಲಟವೆಂದೂ ಮಕ್ಕಳಿಗೆ ಕಲಿಸುವುದು ರೂಢಿಯಾಗಿದೆ. ವಿಭಕ್ತಿಗಳು ಒಂದರ ಸ್ಥಾನದಲ್ಲಿ ಮತ್ತೊಂದು ಬರುವುದನ್ನು ಕೇಶಿರಾಜನೂ ಒಪ್ಪಿರುವನು. ಆದರೆ ಪಲ್ಲಟವೆನ್ನಬೇಕಾದರೆ ಮೊದಲು ಮೂಲಸ್ಥಾನವೊಂದು ಸಿದ್ಧವಾಗಿರಬೇಕಷ್ಟೆ. ಕನ್ನಡದಲ್ಲಿ ಭಯಕ್ಕೆ ಪಂಚಮಿಯೇ ಮೂಲವೆಂದು ಯಾವ ಪ್ರಮಾಣದಿಂದ ಹೇಳುವುದು? ಸಂಸ್ಕೃತದ ಪ್ರಮಾಣದಿಂದಲ್ಲದೆ ಬೇರೆಯದರಿಂದಲ್ಲ.

ಸಂಸ್ಕೃತದಲ್ಲಿ ಅದು ಸರಿಯೇ. ಪಾಣಿನಿಯು ಅಷ್ಟಾಧ್ಯಾಯಿಯ ಪ್ರಥಮಾಧ್ಯಾಯದ ಚತುರ್ಥಪಾದದ 25ನೆಯ ಸೂತ್ರದಲ್ಲಿ ಭಯಹೇತುವಿಗೆ ಅಪಾದಾನಸಂಜ್ಞೆಯನ್ನು ವಿಧಿಸಿರುವನು. ಪತಂಜಲಿಯು ಇನ್ನೂ ಮುಂದೆ ಹೋಗಿ ಈ ಸೂತ್ರವೇ ಬೇಡವೆನ್ನುವನು. ತೋಳಗಳಿಗೆ ಅಂಜುವವನು ಬುದ್ಧಿಯಿಂದ ಅವುಗಳ ಬಳಿಗೆ ಹೋಗಿ, ಮರಣವು ನಿಶ್ಚಯವೆಂದು ಕಂಡು, ಬುದ್ಧಿಯಿಂದಲೇ ಹಿಂದಿರುಗುತ್ತಾನೆ. ಆದುದರಿಂದ ಹಿಂದಿನ ಸೂತ್ರದ ಸಾಮಾನ್ಯವಾದ ಅಪಾಯವೇ, ಎಂದರೆ ಅಗಲುವಿಕೆಯೇ, ಇಲ್ಲಿಯೂ ಇದೆಯೆಂಬುದು ಆತನ ವಾದ. ಎಂತಹ ಸೂಕ್ಷ್ಮದೃಷ್ಟಿ! ಪಾಠಶಾಲೆಯಲ್ಲಿ ಈ ಭಾಗವನ್ನು ಓದಿದ ದಿನ ನನಗಾದ ಸಂತೋಷವನ್ನು ಇಂದಿಗೂ ಮರೆಯಲಾರೆ. ಆದರೆ ಕುಷ್ಟಗಿಯ ಕುರಿಗಾಹಿಯು 'ಕುರಿ ತ್ವಾಳಕ್ಕ ಅಂಜತಾವ' ಎನ್ನುವನೇ ಹೊರತು 'ತ್ವಾಳದಿಂದ ಅಂಜತಾವ' ಎಂದು ಸ್ವಪ್ನದಲ್ಲಿಯೂ ಅನ್ನಲಾರನು. ಸಂಸ್ಕೃತದ ಭೀರುವು ಹಿಂದಕ್ಕೆ ಸರಿಯುವನು. ಕನ್ನಡದ ಭೀರುವು ಭಯಹೇತುವಿಗೆ ಇದಿರಾಗಿಯೇ ನಿಂತಿರುವನು.

ಅರಸನಿಗೆ ಮಣಿದನು, ವೈರಿಗೆ ಸೋತನು, ಜನಕ್ಕೆ ನಾಚಿದನು, ಹೊಲಸಿಗೆ ಹೇಸಿದನು. ಈ ಪ್ರಯೋಗಗಳಲ್ಲಿ ಪಲ್ಲಟವನ್ನು ಯಾರೂ ಹುಡುಕುವುದಿಲ್ಲ. ಒಬ್ಬನ ಮುಂದೆ ಮನಸ್ಸು ಕುಗ್ಗುವ ಅರ್ಥವುಳ್ಳ ಧಾತುಗಳೆಲ್ಲ ಕನ್ನಡದಲ್ಲಿ ಚತುರ್ಥಿಯನ್ನೇ ಬಯಸುತ್ತವೆ; ಅಂಜು, ಹೆದರು, ಬೆದರು ಎಂಬವು ಈ ಕುಲದವೇ. 'ಹಿರಿಯರಿಗೆ ಅಂಜಿ ನಡೆ' ಎಂಬಲ್ಲಿ ಭಯಕ್ಕಿಂತ ಗೌರವವೇ ಹೆಚ್ಚು. ಅಲ್ಲಿ ಪಂಚಮಿಯನ್ನಿಟ್ಟರೆ ಹಿರಿಯರನ್ನು ಕಂಡು ಓಡಿಹೋಗೆಂದು ಉಪದೇಶಿಸಿದಂತಾದೀತು. 'ಸದ್ದಿಗೆ ಎಚ್ಚರವಾಯಿತು' ಎಂಬಲ್ಲಿಯಂತೆ ಇದು ಕೇವಲ ಹೇತುವಿನ ಚತುರ್ಥಿಯೆಂದು ಆಕ್ಷೇಪಿಸುವವರುಂಟು. 'ಸದ್ದಿಗೆ ಬೆಚ್ಚಿದನು' ಎಂಬಲ್ಲಿ ಆ ಮಾತನ್ನು ಒಪ್ಪುವೆನು, 'ಹಿರಿಯರಿಗೆ ಅಂಜು' ಎಂಬಲ್ಲಿ ಒಪ್ಪಲಾರೆನು.

ಈ ಸೀಮೆಯ ಮಾತನ್ನು ಪ್ರಮಾಣವಾಗಿ ತರುವುದು ದುರಭಿಮಾನದಿಂದಲ್ಲ. ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಕೊಪಣನಗರವೂ ಒಂದು. ಅದಲ್ಲದೆ 1948ರ ವರೆಗೆ ನಿಜಾಮರ ಆಡಳಿತದಲ್ಲಿದ್ದು ಉರ್ದುವಿನ ಬಳಕೆಯಿದ್ದ ಪ್ರದೇಶವಿದು. ಉರ್ದುವಿನಲ್ಲಿ 'ಶೇರ್ ಸೇ ಡರ್ನಾ' ಎಂದು ಸಂಸ್ಕೃತದಂತೆಯೇ ಅಪಾದಾನವಿದೆ. ಗಂಗಾವತಿಯ ಪೇಟೆಯಲ್ಲಿ ಎರಡು ಭಾಷೆಗಳನ್ನೂ ಬಲ್ಲ ವರ್ತಕನು ಒಂದೇ ಉಸಿರಿನಲ್ಲಿ ಅಲ್ಲಿ 'ಸೇ' ಎಂದೂ ಇಲ್ಲಿ 'ಗೆ' ಎಂದೂ ತಪ್ಪದೆ ನುಡಿಯುತ್ತಾನೆ. ಇಷ್ಟು ಗಟ್ಟಿಯಾದುದನ್ನು ಪಲ್ಲಟವೆನ್ನಬಹುದೇ? ತಮಿಳಿನ ತೊಲ್ಕಾಪ್ಪಿಯವು ಭಯಾರ್ಥಕ್ಕೆ ಐದನೆಯ ಮತ್ತು ಎರಡನೆಯ ವಿಭಕ್ತಿಗಳನ್ನು ಹೇಳಿರುವುದು ನನ್ನ ಪಕ್ಷಕ್ಕೆ ಪ್ರತಿಕೂಲವೆಂಬುದನ್ನು ಮುಚ್ಚಿಡುವುದಿಲ್ಲ. ಸೋದರಭಾಷೆಯ ನಿಯಮವು ಕನ್ನಡದ ರೂಢಿಯನ್ನು ಬಾಧಿಸದೆಂಬಷ್ಟೇ ನನ್ನ ಸಮಾಧಾನ.

ಇನ್ನು ಇಂಗ್ಲಿಷಿನ ಕಡೆಗೆ ನೋಡೋಣ. ಆ ಭಾಷೆಯ ಪ್ರಾಚೀನರೂಪದಲ್ಲಿ ಈ ಶಬ್ದಕ್ಕೆ ಹಠಾತ್ತಾಗಿ ಎರಗುವ ವಿಪತ್ತೆಂಬ ಅರ್ಥವಿದ್ದಿತು; ಅದರ ಕ್ರಿಯಾಪದಕ್ಕೆ ಹೆದರಿಸುವುದೆಂಬ ಅರ್ಥವಿದ್ದಿತು. ಮನಸ್ಸಿನ ವಿಕಾರವೆಂಬುದು ಅನಂತರ ಬಂದುದು. ನಮ್ಮ 'ಭಯ' ಶಬ್ದದಲ್ಲಿಯೂ ಎರಡೂ ಉಂಟು: 'ಆ ಗುಡ್ಡದಲ್ಲಿ ಚಿರತೆಯ ಭಯವಿದೆ' ಎಂದರೆ ಅಪಾಯವಿದೆಯೆಂದೇ ಅರ್ಥ. ಇಂದಿನ ಇಂಗ್ಲಿಷಿನಲ್ಲಿ ಭಯಹೇತುವು ನೇರವಾಗಿ ಕರ್ಮವಾಗುತ್ತದೆ. ಯಾರ ಕ್ಷೇಮಕ್ಕಾಗಿ ಭಯವೋ ಅವರ ಮುಂದೆ 'ಫಾರ್' ಎಂಬ ಅವ್ಯಯವು ಬರುತ್ತದೆ. ಈ 'ಫಾರ್' ಕಂಡೊಡನೆ ಚತುರ್ಥಿಯನ್ನು ಹಚ್ಚಬೇಕೆಂದು ಬಾಲಪಾಠದಲ್ಲಿ ಕಲಿತವನು 'ಮಗನಿಗೆ ಹೆದರಿದಳು' ಎಂದು ಬರೆಯುತ್ತಾನೆ. ಚತುರ್ಥಿಯು ಭಯಹೇತುವಿಗೇ ಮೀಸಲೆಂದು ಅವನಿಗೆ ಯಾರೂ ಹೇಳಿಲ್ಲ, ಪಲ್ಲಟವೆಂದು ಹೇಳಿದ್ದಾರೆ. ಈ ಭೇದವು ನ್ಯಾಯಾಲಯದಲ್ಲಿ ಅಲ್ಪವಲ್ಲ. 1860ರ ದಂಡಸಂಹಿತೆಯ 383ನೆಯ ಕಲಮಿನಲ್ಲಿಯೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮಿನಲ್ಲಿಯೂ, ತನಗಾಗಲಿ ಅನ್ಯರಿಗಾಗಲಿ ಹಾನಿಯಾದೀತೆಂಬ ಭಯವನ್ನುಂಟುಮಾಡಿ ಸ್ವತ್ತನ್ನು ಕೊಡಿಸಿಕೊಳ್ಳುವುದು ಸುಲಿಗೆಯೆನಿಸಿದೆ. ಯಾರಿಗೆ ಅಂಜಿದರು, ಯಾರಿಗಾಗಿ ಅಂಜಿದರು ಎಂಬುದು ಅಲ್ಲಿ ಎರಡು ಬೇರೆ ಪ್ರಶ್ನೆಗಳು.

ವಿನಯಕ್ಕಾಗಿ ಇಂಗ್ಲಿಷರು ಆಡುವ 'ಅವನು ಬಾರನೆಂದು ಹೆದರುತ್ತೇನೆ' ಎಂಬ ರೀತಿಯನ್ನು ಹಾಗೆಯೇ ಕನ್ನಡಿಸುವವರಿಗೆ ಒಂದೇ ಮಾತು: ನಮ್ಮಲ್ಲಿ 'ಬರಲಿಕ್ಕಿಲ್ಲ' ಎಂಬ ರೂಪವೊಂದೇ ಸಾಕು.

ಇದಕ್ಕಿಂತ ಸ್ವಾರಸ್ಯವಾದುದು ಸಂಭಾವನಾರೂಪ. 'ಮಗು ಬಿದ್ದೀತು', 'ಹಾವು ಕಚ್ಚೀತು' ಎಂಬಲ್ಲಿ ಭಯವಾಚಕಪದವೇ ಇಲ್ಲದೆ ಭಯವು ತುಂಬಿದೆ. 'ಮಳೆ ಬಂದೀತು' ಎಂಬುದನ್ನು ಕುಷ್ಟಗಿಯ ಬೆದ್ದಲು ಹೊಲದಲ್ಲಿ ಬಿತ್ತಿ ಕುಳಿತವನು ಆಸೆಯಿಂದ ಆಡುವನು; ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತವನ್ನು ಕೊಯ್ದು ಹರವಿದ ಗಂಗಾವತಿಯವನು ಅದೇ ಮಾತನ್ನು ಭಯದಿಂದ ಆಡುವನು. ವೈಯಾಕರಣರು ಸಂಭಾವನೆಯೆಂದಷ್ಟೇ ಹೇಳಿ ಸುಮ್ಮನಾದರು. ಈ ಅರ್ಥದ್ವಯವನ್ನು ಯಾರಾದರೂ ವಿಸ್ತಾರವಾಗಿ ವಿಚಾರಿಸಬೇಕಾಗಿದೆ.

ಆ ವೃದ್ಧೆಯ ಅರ್ಜಿಯನ್ನು ನಾವು ಆಕೆಯ ಮಾತಿನಂತೆಯೇ 'ಮಗನಿಗೆ ಏನಾದರೂ ಆದೀತೆಂದು ಅಂಜಿ' ಎಂದು ತಿದ್ದಿದೆವು. ಚತುರ್ಥಿಯು ಅಲ್ಲಿಯೇ ಉಳಿಯಿತು. ಆದರೆ ಅಂಜುವ ಧಾತುವನ್ನು ಬಿಟ್ಟು ಆಗುವ ಧಾತುವಿಗೆ ಸೇರಿತು. ಎರಡನೆಯ ಸಲ ಓದಿಸಿ ಕೇಳಿದ ಮೇಲೆ ಆಕೆಯು ಹೆಬ್ಬೆಟ್ಟನ್ನೊತ್ತಿದಳು.